ಮನೆಯಿಂದ ಹೋಗುವಾಗ ಉಟ್ಟ ಸೀರೆ

ಹುಬ್ಬಳ್ಳಿ

ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟುವಾಗ ನಾನು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆ. ಮದುವೆಯಾಗಿ ಕೇಶ್ವಾಪುರದ ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಹೊರಗಿದ್ದದ್ದು ಬಾಣಂತನಕ್ಕೆ ತವರಿಗೆ ಹೋದಾಗ ಮಾತ್ರ. ಒಂದು ಕೈಯಲ್ಲಿ ಪಾಸ್‌ಪೋರ್ಟು, ಇನ್ನೊಂದರಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇದ್ದ ಚೀಲ. ಕಂಬಿಯ ಆಚೆ ನಿಂತಿದ್ದ ನಮ್ಮನೆಯವರು ಏನೋ ಕೂಗಿದರು, ಕೇಳಿಸಲಿಲ್ಲ. ಸೆರಗು ಬಿಗಿಹಿಡಿದು ಸೀದಾ ಒಳಗೆ ನಡೆದುಬಿಟ್ಟೆ.

ಜೊತೆಗಿದ್ದವಳು ನಮ್ಮನೆಯವರ ತಂಗಿ ವಿದ್ಯಾ. ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬಳೇ ಇರುತ್ತಾಳೆ. ಕಾಲೇಜು ಬಿಟ್ಟಾಗಿನಿಂದ ಕನ್ನಡ ದಿನಪತ್ರಿಕೆಯೊಂದರ ವರದಿಗಾರ್ತಿ. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆ, ‘ಪೇಪರಿನ ಜೋಡಿ ಆಗೇತ್ರಿ, ದಿನಾ ಮುಂಜಾನಿ ಮನೀಗ ಬರ್ತೈತಿ’ ಅನ್ನುತ್ತಾಳೆ. ನಡುನಡುವೆ ಕತೆಗಳನ್ನೂ ಬರೆದಿದ್ದಾಳೆ. ಸ್ಕಾಟ್ಲೆಂಡಿನ ಪೂರ್ವ ದಂಡೆಯ ಒಂದು ಸಣ್ಣ ದ್ವೀಪದಲ್ಲಿ ಬರೆಯುವವರಿಗಾಗಿಯೇ ಇಟ್ಟ ಮನೆಯೊಂದಿದೆ. ಅಲ್ಲಿ ಒಂದು ತಿಂಗಳು ಕೂತು ಕಾದಂಬರಿ ಮುಗಿಸಿರಿ ಅಂತ ಅವಳಿಗೆ ಕರೆ ಬಂತು. ಜೊತೆಗೆ ಒಬ್ಬರು ಬರಬಹುದು. ವಿದ್ಯಾಳಿಗೆ ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡು ಅಂದರೆ ನಾಲಿಗೆ ಕಟ್ಟುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದವಳು.

‘ವೈನಿ, ಅಲ್ಲಿ ನನ್ನ ಬಾಯಿ ನೀವ ಆಗಬೇಕು’ ಅಂದಳು.

‘ಅಂತೂ ಸಿಸ್ಟರುಗೋಳು ಕಲಿಸಿದ್ದಕ್ಕ ಈಗ ಕೆಲಸಾ ಸಿಕ್ತು ನೋಡು’ ಅಂತ ನಮ್ಮನೆಯವರು ನಕ್ಕರು.

ದ್ವೀಪದ ಹೆಸರು ನಾನು ಬರೆಯುವುದಿಲ್ಲ. ಕಾದಂಬರಿ ಹೊರಗೆ ಬರುವ ತನಕ ಬೇಡ ಅಂತ ವಿದ್ಯಾಳ ಕಟ್ಟಪ್ಪಣೆ.

ಬಾಗಿಲೊಳಗೆ ಬಂದ ಮೇಲೆ ವಿದ್ಯಾ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ ಬಾಯಲ್ಲೇ ಹೇಳಿಕೊಂಡಳು: ‘ನೀರಲಹಣ್ಣಿನ ಬಣ್ಣದ ಇಳಕಲ್ಲ ಸೀರಿ, ಕೆಂಪ ಸೆರಗು, ಬೂದಿ ಬಣ್ಣದ ಸ್ವೆಟರು.’ ಇದು ಅವಳ ಹಳೆಯ ಚಟ. ಯಾರೇ ಮನೆ ಬಿಟ್ಟು ಹೊರಡಲಿ, ಉಟ್ಟದ್ದನ್ನು ಹೀಗೆ ಬಾಯಿಪಾಠ ಮಾಡಿಕೊಳ್ಳುತ್ತಾಳೆ. ಯಾಕೆ ಅಂತ ನಾನು ಕೇಳಿರಲೇ ಇಲ್ಲ. ಒಬ್ಬೊಬ್ಬರದು ಒಂದೊಂದು ಚಟ, ನಾನೇನು ಗ್ಯಾಸು ಬಂದ್ ಮಾಡಿದ್ದೇನೋ ಇಲ್ಲವೋ ಅಂತ ಮೂರು ಸಲ ನೋಡುವುದಿಲ್ಲವೇ.

ಸಮುದ್ರ ಹಾಕುವ ಗೇಟು

ಆ ದ್ವೀಪಕ್ಕೆ ದೋಣಿ ಬೇಡ, ರಸ್ತೆ ಇದೆ. ಆದರೆ ಆ ರಸ್ತೆ ದಿನಕ್ಕೆ ಎರಡು ಸಲ ನೀರಿನಡಿ ಹೋಗುತ್ತದೆ. ನೀರು ಇಳಿದಾಗ ಎರಡೂ ಕಡೆ ಕಣ್ಣು ಹಾಯುವಷ್ಟು ಒದ್ದೆ ಮರಳು. ಏರಿದಾಗ ಅಲ್ಲಿ ರಸ್ತೆ ಇತ್ತು ಅಂತ ದೇವರಾಣೆ ಮಾಡಿ ಹೇಳಿದರೂ ನಂಬಲಿಕ್ಕಿಲ್ಲ. ನಮ್ಮಲ್ಲಿ ರೈಲ್ವೆ ಗೇಟು ಬಿದ್ದರೆ ಸೈಕಲ್ಲಿನವರು, ಬೈಕಿನವರು ಬಾಗಿ ನುಸುಳುತ್ತಾರೆ. ಇಲ್ಲಿ ಗೇಟು ಹಾಕುವುದು ಸಮುದ್ರ. ನುಸುಳುವ ಮಾತೇ ಇಲ್ಲ.

ನಮ್ಮನ್ನು ಕರೆದೊಯ್ಯಲು ಬಂದವಳು ಜೀನ್, ಆ ಮನೆಯನ್ನು ನೋಡಿಕೊಳ್ಳುವಾಕೆ. ಬಿಳಿಗೂದಲು, ಗಂಡಸರ ಬೂಟು. ಮಾತಿಗೊಮ್ಮೆ ಆಕಾಶ ನೋಡುತ್ತಾಳೆ, ನಮ್ಮ ಅತ್ತೆ ಹಾಲಿನ ಪಾತ್ರೆ ನೋಡುತ್ತಿದ್ದ ಹಾಗೆ. ಆಕೆಯ ಇಂಗ್ಲಿಷು ನನ್ನ ಕಾನ್ವೆಂಟಿನ ಇಂಗ್ಲಿಷಿಗೆ ದೂರದ ಸಂಬಂಧಿ. ಇಲ್ಲಿ ಅದನ್ನು ನಮ್ಮ ಮಾತಿಗೆ ಇಳಿಸಿಯೇ ಬರೆಯುತ್ತೇನೆ.

ರಸ್ತೆಯ ಪಕ್ಕದ ಮರಳಿನಲ್ಲಿ ಸಾಲಾಗಿ ಮರದ ಕಂಬ ನೆಟ್ಟಿದ್ದರು. ರಸ್ತೆ ಆಗುವ ಮುಂಚೆ ಜನ ಆ ಕಂಬ ಹಿಡಿದು ನಡೆದು ಹೋಗುತ್ತಿದ್ದರಂತೆ. ದೂರದಿಂದ ಯಾರೋ ಒಬ್ಬರ ಹಿಂದೊಬ್ಬರು ನಿಂತು ಸುಮ್ಮನೆ ಕಾಯುತ್ತಿದ್ದ ಹಾಗೆ ಕಾಣುತ್ತಿತ್ತು.

ಮನೆ ಮುಂದೆ ಸೊಂಟದೆತ್ತರದ ಕಲ್ಲುಗೋಡೆ. ಜೀನ್ ಮೊದಲ ದಿನವೇ ಹೇಳಿದಳು: ‘ಮರಳಿಗೆ ಇಳಿಯೋರು ಈ ಗ್ವಾಡಿ ಮ್ಯಾಲೆ ಒಂದ ಕಲ್ಲ ಇಟ್ಟ ಹೋಗಬೇಕು. ತಿರಗಿ ಬಂದ ಮ್ಯಾಲೆ ತಗದು ಕೆಳಗ ಒಗಿಬೇಕು. ನೀರ ಏರೂ ಮುಂದ ಗ್ವಾಡಿ ಮ್ಯಾಲೆ ಕಲ್ಲಿದ್ರ ನಾವು ಹುಡಕಾಕ ಹೊಂಡ್ತೇವಿ.’

ನನಗೆ ಇದು ಬಹಳ ಹಿಡಿಸಿತು. ನಮ್ಮಲ್ಲಿ ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು. ‘ಹೋಗ್ತೇನಿ’ ಅನ್ನಬಾರದು, ‘ಹೋಗಿ ಬರ್ತೇನಿ’ ಅನ್ನಬೇಕು. ಇವರು ಆ ‘ಬರ್ತೇನಿ’ಯನ್ನು ಕಲ್ಲಿನಲ್ಲಿ ಹೇಳುತ್ತಾರೆ, ಅಷ್ಟೇ.

ಗೋಡೆ ನೋಡುತ್ತ ನಿಂತಾಗಲೇ ವಿದ್ಯಾ ಪಾಚಿಯ ಮೇಲೆ ಜಾರಿ ಬಿದ್ದಳು. ಮೊಣಕಾಲು ಬಾತುಕೊಂಡಿತು. ಮುಂದಿನ ಎಲ್ಲವೂ ಆ ಮೊಣಕಾಲಿನಿಂದ ಶುರುವಾಯಿತು ಅನ್ನಬೇಕು.

ಅಡುಗೆಮನೆಯ ಮೇಜು

ವಿದ್ಯಾ ಬರೆಯುವುದನ್ನು ಹತ್ತಿರ ಕೂತು ನೋಡಿದ್ದು ಅದೇ ಮೊದಲು. ಕತೆ ಬರೆಯುವವರು ಕಿಟಕಿಯಾಚೆ ನೋಡುತ್ತ ಕೂಡುತ್ತಾರೆ ಅಂತ ನನ್ನ ಎಣಿಕೆ. ಇವಳು ಯಾರೋ ಫೋನಿನಲ್ಲಿ ಹೇಳುತ್ತಿದ್ದಾರೆ ಅನ್ನುವ ಹಾಗೆ ಬಡಬಡ ಬರೆಯುತ್ತಾಳೆ. ಯಾರು, ಎಲ್ಲಿ, ಏನಾಯಿತು, ಎಲ್ಲ ಮೊದಲ ಸಾಲಿನಲ್ಲೇ.

‘ಅಲ್ಲ ವಿದ್ಯಾ, ಕತಿ ಅಂದಮ್ಯಾಲೆ ಕಡೀಗೆ ಗೊತ್ತಾಗಬೇಕಲ್ಲ?’ ಅಂದೆ.

‘ಜಾಹೀರಾತು ಬಂತಂದ್ರ ಸುದ್ದೀನ ಕೆಳಗಿನಿಂದ ಕತ್ತರಸ್ತಾರ, ವೈನಿ. ನಾ ಬರದ ಕಡೀ ಪ್ಯಾರಾ ಉಳದಿದ್ದ ನಾನ ನೋಡಿಲ್ಲ. ಅದಕ್ಕ ಮುಖ್ಯ ಮಾತು ಮ್ಯಾಲೆ ಹಾಕಿಬಿಡೂದು. ಖರೇ ಹೇಳ್ಬೇಕಂದ್ರ ನನಗ ಮುಗಸಾಕ ಬರೂದಿಲ್ಲ. ಇಷ್ಟ ವರ್ಷದಾಗ ನಾ ಏನೂ ಮುಗಿಸಿಲ್ಲ, ಯಾರೋ ಕತ್ತರಿಸ್ಯಾರ.’

ಇನ್ನೊಂದು ರೂಢಿ, ಮೊದಲೇ ಬರೆದಿಡುವುದು. ಸಂಜೆಯ ಕಾರ್ಯಕ್ರಮದ ಸುದ್ದಿಯನ್ನು ಆಮಂತ್ರಣ ಪತ್ರಿಕೆ ನೋಡಿ ಮಧ್ಯಾಹ್ನವೇ ‘ಉದ್ಘಾಟಿಸಿ ಮಾತನಾಡಿದರು’ ಅಂತ ಬರೆದಿಟ್ಟು, ಬಾರದವರ ಹೆಸರು ಆಮೇಲೆ ತೆಗೆಯುವುದು. ಕಾದಂಬರಿಗೂ ಅದೇ ಪದ್ಧತಿ. ಮೊದಲು ಬರೆಯುತ್ತಾಳೆ, ಆಮೇಲೆ ಹೌದೋ ಅಲ್ಲವೋ ನೋಡುತ್ತಾಳೆ. ಅವಳ ಕಾಲು ಬಾತಿದ್ದರಿಂದ ನೋಡಿ ಬರುವ ಕೆಲಸ ನನಗೆ ಬಂತು. ನಾನು ಅವಳ ಬಿಡಿ ಸುದ್ದಿಗಾರ್ತಿಯಾದೆ. ಒದ್ದೆ ಮರಳು ಬೂಟಿನಡಿ ಏನು ಸಪ್ಪಳ ಮಾಡುತ್ತದೆ? ಹಕ್ಕಿ ಹೆಜ್ಜೆ ಎಷ್ಟು ಹೊತ್ತು ಉಳಿಯುತ್ತದೆ? ನೋಡಿ ಬಂದು ಹೇಳುತ್ತಿದ್ದೆ. ‘ಅನಸ್ತು’ ಅಂದರೆ ಸಿಟ್ಟಿಗೇಳುತ್ತಿದ್ದಳು. ‘ಅನಸಿದ್ದು ಬ್ಯಾಡ ವೈನಿ, ಕಂಡಿದ್ದ ಹೇಳ್ರಿ.’

ಒಂದು ದಿನ ನಾನು ಹೊರಡುವ ಮುಂಚೆಯೇ ಅವಳು ಒಂದು ಸಾಲು ಬರೆದು ಓದಿದಳು: ‘ಅವಳ ಬಲಗಾಲಿನ ಬೂಟಿನೊಳಗೆ ನೀರು ಹೋಯಿತು.’ ನಾನು ಮರಳಿ ಬಂದಾಗ ಬಲಗಾಲಿನ ಕಾಲುಚೀಲ ಹಿಂಡಿದರೆ ನೀರು ಸುರಿಯಿತು. ಎಡಗಾಲು ಒಣಗಿತ್ತು.

‘ನೀವು ಯಾವತ್ತೂ ಬಲಗಾಲ ಮುಂದ ಇಡ್ತೀರಿ. ಅದರಾಗೇನ ಐತಿ?’ ಅಂದಳು ವಿದ್ಯಾ. ಆ ಕಾಲುಚೀಲ ಹೇಗೂ ಕಾಲುಂಗುರಕ್ಕೆ ಸಿಕ್ಕು ತೂತಾಗಿತ್ತು. ಆದರೂ ಆ ಸಾಲನ್ನು ಇನ್ನೊಮ್ಮೆ ಓದಿಸಿ ಕೇಳಿದೆ.

ಜೀನ್‌ಳ ದಾಯಾದಿ ಏಂಗಸ್ ಅಂತ ಒಬ್ಬ ದಿನಾ ಚಹಕ್ಕೆ ಬರುತ್ತಿದ್ದ. ಏಡಿ ಹಿಡಿಯುವವನು, ಮಾತು ಕಡಿಮೆ. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ನನ್ನ ಶೇಂಗಾ ಚಟ್ನಿ ಉದುರಿಸಿಕೊಂಡು ಕಣ್ಣಲ್ಲಿ ನೀರು ಬಂದರೂ ತಿನ್ನುತ್ತಿದ್ದ. ‘ಮರಳಿನ ಮ್ಯಾಲೆ ಯಾರನ್ನೂ ಬಿಟ್ಟು ನಮ್ಮ ಊರಾಗ ಯಾರೂ ಮನೀಗ ಬಂದಿಲ್ಲ’ ಅಂತ ಒಮ್ಮೆ ಹೇಳಿದ. ಅವನು ಹೇಳಿದ ಅತಿ ಉದ್ದದ ಮಾತು ಅದೇ ಇರಬೇಕು.

ಹಸಿರು

ಉಟ್ಟ ಬಟ್ಟೆ ಬಾಯಿಪಾಠ ಮಾಡುವ ಚಟದ ಮೂಲ ಗೊತ್ತಾದದ್ದೂ ಆ ಮೇಜಿನ ಮೇಲೆಯೇ, ಕಾದಂಬರಿಯನ್ನು ಅವಳು ನನಗೆ ಹೇಳಿದಾಗ. ಬರೆಯುವಾಗ ಯಾರಿಗೂ ಹೇಳುವವಳಲ್ಲ, ಸ್ವಂತ ಅಣ್ಣನಿಗೂ ಹೇಳಿರಲಿಲ್ಲ.

ವಿದ್ಯಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳಿಗೆ ಕೊಟ್ಟಿದ್ದು ‘ಕಾಣೆಯಾಗಿದ್ದಾರೆ’ ಸುದ್ದಿಗಳು. ಪೇಪರಿನ ಮೂಲೆಯಲ್ಲಿ ನೀವೂ ನೋಡಿರುತ್ತೀರಿ, ಸಣ್ಣ ಫೋಟೋದ ಕೆಳಗೆ ಕೋಲುಮುಖ, ಗೋಧಿ ಮೈಬಣ್ಣ ಅಂತ. ಒಂದು ದಿನ ಒಬ್ಬ ಗಂಡಸು ಹೆಂಡತಿಯ ಫೋಟೋ ತಂದ. ಎತ್ತರ ಹೇಳಿದ, ಮಾತಾಡುವ ಭಾಷೆ ಹೇಳಿದ. ‘ಮನೀ ಬಿಟ್ಟು ಹೋಗುವಾಗ ಏನ ಉಟ್ಟಿದ್ರು?’ ಅಂತ ವಿದ್ಯಾ ಕೇಳಿದಳು. ಅವನು ಮೇಲೆ ತಿರುಗುತ್ತಿದ್ದ ಪಂಕಾ ನೋಡಿದ. ಗೋಡೆ ನೋಡಿದ. ಆಮೇಲೆ ಅಂದ, ‘ಹಸರ ಅಂತ ಹಾಕ್ರಿ.’

‘ಉಟ್ಟಿದ್ಲು ಅನಲಿಲ್ಲ, ವೈನಿ. ಹಾಕ್ರಿ ಅಂದ. ಗೊತ್ತಿಲ್ಲ ಅನ್ನಾಕ ನಾಚಿಕಿ ಪಾಪ. ನಾ ಹಾಕಿದೆ.’

ಮರುದಿನದಿಂದ ಫೋನು. ಗದಗದ ಬಸ್‌ಸ್ಟ್ಯಾಂಡಿನಲ್ಲಿ ಹಸಿರು ಸೀರೆಯವಳನ್ನು ಕಂಡೆವು, ದುರ್ಗದಬೈಲಿನ ಬಳೆ ಅಂಗಡಿ ಮುಂದೆ ಕಂಡೆವು. ಹೋಗಿ ನೋಡಿದರೆ ಹಸಿರು ಸೀರೆ ಇರುತ್ತಿತ್ತು, ಅವಳು ಇರುತ್ತಿರಲಿಲ್ಲ. ಕೊನೆಗೂ ಸಿಗಲಿಲ್ಲ.

‘ಇಡೀ ಊರು ಒಬ್ಬಾಕೀನ ಹುಡಕ್ತು, ಆಕಿ ಇರಲೇ ಇಲ್ಲ. ಇದ್ದಾಕೀನ ಯಾರೂ ಹುಡಕಲಿಲ್ಲ. ಮಂದಿ ನನ್ನ ಮೊದಲನೇ ಕತಿ ಯಾವುದು ಅಂತ ಕೇಳ್ತಾರ. ಅದ ನನ್ನ ಮೊದಲನೇ ಕತಿ. ಸುದ್ದಿ ಅಂತ ಅಚ್ಚಾತು.’

ಕಾದಂಬರಿ ಆ ಹಸಿರು ಸೀರೆಯವಳದು. ಪತ್ರಿಕೆಯ ಮೂಲೆಯಲ್ಲಿ ಹುಟ್ಟಿದವಳು. ಊರಿಂದೂರಿಗೆ ಅಲೆಯುತ್ತಾಳೆ, ಎಲ್ಲರ ಕಣ್ಣಿಗೂ ಒಂದೊಂದು ಸಲ ಬೀಳುತ್ತಾಳೆ, ಕಳೆದುಹೋದ ಇನ್ನೊಬ್ಬಳನ್ನು ಹುಡುಕುತ್ತಾಳೆ. ಹೋಗಲಿಕ್ಕೆ ಮನೆ ಇಲ್ಲ, ಯಾಕೆಂದರೆ ಆ ಸೀರೆ ಉಟ್ಟು ಯಾವ ಮನೆಯಿಂದಲೂ ಯಾರೂ ಹೊರಟಿರಲಿಲ್ಲ. ಕೊನೆಗೆ ಇಂಥದೇ ಮರಳಿಗೆ ಬಂದು ನಿಲ್ಲುತ್ತಾಳೆ. ಕಡೆಯ ಅಧ್ಯಾಯ ಬಾಕಿ ಇತ್ತು.

‘ಮನೀಗ ಕರಕೊಂಡ ಬಾ ಆಕೀನ’ ಅಂದೆ. ನನಗೆ ತಡೆಯಲಾಗಲಿಲ್ಲ.

‘ಯಾರ ಮನೀಗ?’

‘ಯಾರದರೆ ಇರಲಿ. ನೀ ಬರಿಯಾಕಿ, ನಿನ್ನ ಕೈಯಾಗ ಐತಿ.’

‘ನನ್ನ ಕೈಯಾಗ ಇಲ್ರಿ ವೈನಿ. ಇಬ್ಬರು ಕಣ್ಣಿಲೆ ಕಂಡೇವಿ ಅಂತ ಹೇಳದ ಯಾವ ಸುದ್ದೀನೂ ಹಾಕಬ್ಯಾಡ ಅಂತ ನಮ್ಮ ಸಂಪಾದಕರು ಕಲಿಸ್ಯಾರ. ಒಮ್ಮೆ ಅದನ್ನ ಮೀರಿದ್ದಕ್ಕ ಈಕಿ ಹುಟ್ಟ್ಯಾಳ. ಈಕಿ ಮನೀ ಮುಟ್ಟಿದ್ದ ಕಂಡವ್ರು ಯಾರದಾರ? ನೀರು ಏರ್ತು, ಮುಂದ ಕಾಣಲಿಲ್ಲ. ಅಷ್ಟ ಬರದು ಬಿಡ್ತೇನಿ.’

ನಾನು ಎದ್ದು ಪಾತ್ರೆ ತೊಳೆದೆ. ಹಾಳೆಯ ಮೇಲಷ್ಟೇ ಇರುವ ಹೆಂಗಸಿಗಾಗಿ ಅಷ್ಟು ಸಂಕಟಪಡುವುದು ನಗೆಗೇಡು ಅಂತ ಗೊತ್ತಿತ್ತು. ನನಗೆ ಒಳಗೊಳಗೆ ಚುಚ್ಚಿದ್ದು ಬೇರೆ. ನಾನು ಕಳೆದುಹೋದರೆ ನಮ್ಮನೆಯವರು ಏನಂತ ಹಾಕಿಸಿಯಾರು? ಒಳ್ಳೆಯ ಮನುಷ್ಯ. ನನ್ನ ಬಿಪಿ ಗುಳಿಗೆಯ ಹೆಸರು ಗೊತ್ತು, ನಾನು ಉಪ್ಪು ಎಷ್ಟು ಹಾಕುತ್ತೇನೆ ಗೊತ್ತು. ಸೀರೆ? ಊರಿಗೆ ಹೋದ ಮೇಲೆ ಕೇಳಲೇಬೇಕು ಅಂದುಕೊಂಡೆ.

ತಿಂಗಳ ಕೊನೆಗೆ ದ್ವೀಪದವರ ಮುಂದೆ ವಿದ್ಯಾ ಒಂದು ಪುಟ ಓದಬೇಕಿತ್ತು. ಇಂಗ್ಲಿಷಿನಲ್ಲಿ ತಾನೇ ಓದುತ್ತೇನೆಂದು ಹಟ. ಆರಿಸಿಕೊಂಡದ್ದು ಆ ಸುದ್ದಿಯನ್ನೇ. ನಾನು ಇಂಗ್ಲಿಷಿಗೆ ಇಳಿಸಿ, ನಮ್ಮ ಸಿಸ್ಟರು ಕಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿ, ಬಾಯಿ ತೆಗೆಸಿ ಹೇಳಿಸಿದೆ. ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೋಗುವಾಗ ಹಸಿರು ಸೀರೆ ಉಟ್ಟಿದ್ದರು. ಹಲ್ಲುಜ್ಜುವಾಗ, ಮೆಟ್ಟಿಲು ಹತ್ತುವಾಗ ವಿದ್ಯಾಳ ಬಾಯಲ್ಲಿ ಅದೇ. ಜೀನ್ ಕೂಡ ಚಹ ಸೋಸುತ್ತ ಗುನುಗತೊಡಗಿದ್ದಳು.

ಮರಳು

ಆವತ್ತು ವಿದ್ಯಾಳಿಗೆ ಬೇಕಾದ ಸಂಗತಿ ಒಂದೇ. ‘ನೀರು ತಿರಗಿ ಬರೂದು ಮೊದಲು ಕಾಣತೈತೋ, ಕೇಳತೈತೋ? ಅಷ್ಟ ನೋಡಿ ಲಗೂ ಬರ್ರಿ.’

ದುರ್ಗದಬೈಲಿನಲ್ಲಿ ಕೊಂಡಿದ್ದ ಕಂದು ಬಣ್ಣದ ಮಳೆ ಕೋಟು ಸೀರೆಯ ಮೇಲೆ ಹಾಕಿಕೊಂಡೆ. ಸೀರೆ ಅದೇ ನೀರಲಹಣ್ಣಿನ ನೇರಳೆ ಬಣ್ಣದ್ದು. ವಿದ್ಯಾ ಬಾಗಿಲಲ್ಲಿ ನಿಂತು ಎಂದಿನಂತೆ ಎಲ್ಲ ಬಾಯಿಪಾಠ ಮಾಡಿಕೊಂಡಳು. ಗೋಡೆಯ ಮೇಲೆ ಕಲ್ಲಿಟ್ಟು ಇಳಿದೆ. ಬಾಗಿಲಿಗೆ ಅಂಟಿಸಿದ ಹಾಳೆಯ ಪ್ರಕಾರ ನೀರು ಏರಲು ಬೇಕಾದಷ್ಟು ಹೊತ್ತಿತ್ತು. ಬಿಸಿಲಿತ್ತು. ಕಂಬಗಳ ಸಾಲು ಹಿಡಿದು ನಡೆದೆ.

ಆಗ ಹೆಂಗಸರು ಅಳುವುದು ಕೇಳಿಸಿತು.

ಒಬ್ಬರಲ್ಲ, ನಾಲ್ಕಾರು ಮಂದಿ. ಸತ್ತವರ ಮನೆಯಲ್ಲಿ ಅತ್ತು ಅತ್ತು ದಣಿದ ಮೇಲೆ ಉಳಿಯುವ ದನಿಯಿರುತ್ತದಲ್ಲ, ಅದು. ಸೀಲ್ ಪ್ರಾಣಿಗಳು ಹೀಗೆ ಹಾಡುತ್ತವೆ ಅಂತ ಜೀನ್ ಹೇಳಿದ್ದಳು, ನನಗೆ ನೆನಪಿತ್ತು. ನೆನಪಿದ್ದೂ ಕಾಲು ಆ ಕಡೆ ಹೊರಟಿತು. ಕಂಡದ್ದನ್ನೇ ಹೇಳಬೇಕಲ್ಲ, ಸೀಲ್ ಅಂತ ಕಣ್ಣಾರೆ ನೋಡಿ ಬಂದರಾಯಿತು ಅಂದುಕೊಂಡೆ. ಕಂಬದ ಸಾಲಿನಿಂದ ಒಂದಿಷ್ಟೇ ಆಚೆ. ಮರಳಿನ ದಿಬ್ಬದ ಮೇಲೆ ಬೂದು ಮೈಗಳು ಬಿದ್ದಿದ್ದವು. ಎಲ್ಲವೂ ಒಮ್ಮೆಲೇ ಬಾಯಿ ಮುಚ್ಚಿ ನನ್ನ ಕಡೆ ನೋಡಿದವು. ನನ್ನ ಕಡೆ ಅನ್ನುವುದಕ್ಕಿಂತ ನನ್ನ ಪಕ್ಕಕ್ಕೆ.

ತಿರುಗಿದರೆ ಕಂಬಗಳಿರಲಿಲ್ಲ. ಮಂಜು ಬಂದಿತ್ತು. ನಮ್ಮಲ್ಲಿ ಮಂಜು ಅಂದರೆ ಚಳಿಗಾಲದ ಬೆಳಗಿಗೆ ಉಣಕಲ್ ಕೆರೆಯ ಮೇಲೆ ಸೆರಗು ಹಾಸಿದಂತೆ ಇರುತ್ತದೆ, ಅದರಾಚೆ ಲಾರಿಯ ಹಾರನ್ನು ಕೇಳುತ್ತದೆ. ಇದು ಹಾಗಲ್ಲ. ಕೈ ಚಾಚಿದರೆ ಬಳೆ ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ನನ್ನ ಹೆಜ್ಜೆ ಗುರುತು ಹಿಡಿದು ಮರಳಿ ಹೋಗೋಣ ಅಂದರೆ ಅವು ಆಗಲೇ ನೀರು ತುಂಬಿ ಅಳಿಸುತ್ತಿದ್ದವು.

ವಿದ್ಯಾಳ ಪ್ರಶ್ನೆಗೆ ಉತ್ತರ ಆಗ ಸಿಕ್ಕಿತು. ನೀರು ಮೊದಲು ಕಾಣಲೂ ಇಲ್ಲ, ಕೇಳಲೂ ಇಲ್ಲ. ಕಾಲ ಕೆಳಗೆ ಮರಳು ಮೆತ್ತಗಾಯಿತು.

ಕೈ ಮುಂದೆ ಚಾಚಿ ನಡೆದೆ. ಸಾಲೆಯಲ್ಲಿ ಕಲಿತ ಪ್ರಾರ್ಥನೆಯೂ ಮನೆಯಲ್ಲಿ ಕಲಿತ ಶಿವನಾಮವೂ ಕೂಡಿಯೇ ಬಾಯಿಗೆ ಬಂದವು, ಯಾವುದನ್ನೂ ಪೂರ್ತಿ ಮುಗಿಸಲಾಗಲಿಲ್ಲ. ಕೊನೆಗೆ ಬೆರಳಿಗೆ ಒರಟು ಮರ ತಾಗಿತು. ಕಂಬ. ತಬ್ಬಿಕೊಂಡು ನಿಂತೆ. ನೀರು ಹಿಮ್ಮಡಿಗೆ ಬಂತು, ಮೀನಖಂಡಕ್ಕೆ ಬಂತು.

ಗಂಡಸರ ದನಿ ಕೇಳಿ ಕೂಗಿದೆ. ಮಂಜು ನನ್ನ ಕೂಗನ್ನು ನನ್ನ ಬಾಯಿಗೇ ಮರಳಿ ತುರುಕಿದ ಹಾಗಾಯಿತು. ಎರಡು ಬ್ಯಾಟರಿ ಬೆಳಕು ತೀರ ಹತ್ತಿರ ಬಂದವು. ಒಂದು ನನ್ನ ಮೇಲೆಯೇ ಒಂದು ಗಳಿಗೆ ನಿಂತಿತು. ‘ಅದು ಕಂಬ’ ಅಂದ ಒಬ್ಬ. ‘ಹಸರ ಹುಡುಕು, ಹಸರ ಅರಿವಿ’ ಅಂದ ಇನ್ನೊಬ್ಬ. ಬೆಳಕು ಸರಿದುಹೋದವು.

ಕಂದು ಕೋಟು, ಕಂದು ಕಂಬ. ಹಸಿರು ಅಂದರೆ ಯಾರು ಅಂತ ತಿಳಿಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

ಎಷ್ಟು ಹೊತ್ತು ನಿಂತೆನೋ. ಆಮೇಲೆ ಏಂಗಸ್ ಬಂದ. ಹುಡುಕುತ್ತ ಬಂದವನ ಹಾಗೆ ಬರಲಿಲ್ಲ. ಯಾರೋ ಕರೆದ ಕಡೆ ಬರುವವನ ಹಾಗೆ ನೆಟ್ಟಗೆ ಬಂದ. ನನ್ನ ತೋಳು ಹಿಡಿದು, ನನ್ನ ಮುಖ ಬಿಟ್ಟು ಸುತ್ತಲೂ ನೋಡಿದ.

‘ಇನ್ನೊಬ್ರು ಎಲ್ಲಿ?’ ಅಂದ.

‘ಯಾರು?’

‘ಹಸರ ಅರಿವಿಯಾಕಿ. ನನ್ನ ಮುಂದ ಮುಂದ ನಡಕೋತ ಬಂದ್ಲು. ಕರದ್ರೂ ನಿಲ್ಲಲಿಲ್ಲ. ಇಲ್ಲಿ ನಿಂತ್ಲು. ಹಂತೇಲೆ ಬಂದ್ರ ನೀವಿದ್ದೀರಿ.’

‘ನಾ ಒಬ್ಬಾಕೀನ ಬಂದೇನಿ, ಏಂಗಸ್.’

‘ಇಲ್ಲ, ಇಬ್ಬರಿದ್ದೀರಿ’ ಅಂದ, ಮಕ್ಕಳಿಗೆ ತಿಳಿಸಿ ಹೇಳುವ ಹಾಗೆ. ಆಮೇಲೆ ಕೈಯನ್ನು ಬಾಯಿಗೆ ಹಿಡಿದು ಅವಳನ್ನು ಕೂಗತೊಡಗಿದ. ನೀರು ಮೊಣಕಾಲು ಮುಟ್ಟಿತ್ತು, ಸೀರೆಯ ನೆರಿಗೆ ತೇಲುತ್ತಿತ್ತು. ಹೋಗೋಣ ಅಂದೆ. ಅವನು ಕದಲಲಿಲ್ಲ. ಮರಳಿನ ಮೇಲೆ ಒಬ್ಬಳನ್ನು ಬಿಟ್ಟು ಅವನ ಕಾಲು ಏಳುವುದಿಲ್ಲ ಅಂತ ನನಗೆ ಗೊತ್ತಾಯಿತು. ಅವನೂ ಮುಳುಗುತ್ತಾನೆ, ನಾನೂ ಮುಳುಗುತ್ತೇನೆ.

ಹೇಳಲೇಬೇಕಾಯಿತು. ‘ಏಂಗಸ್, ಆಕಿ ಇಲ್ಲ. ಆಕಿ ಇರಲೇ ಇಲ್ಲ. ಪೇಪರಿನ್ಯಾಗ ಬರದು ಹುಟ್ಟಿಸಿದಾಕಿ ಆಕಿ.’

ಇದನ್ನು ಹೇಳುವಾಗ ನನ್ನ ಬೆನ್ನ ಹಿಂದೆ, ಕಂಬದ ಆಚೆ ಬದಿಗೆ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಅನ್ನಿಸಿತು ಅಂತಲೇ ಬರೆಯುತ್ತೇನೆ. ಕಾಣಲಿಲ್ಲ. ತಿರುಗಿ ನೋಡುವ ಧೈರ್ಯ ಆಗಲಿಲ್ಲ.

ಏಂಗಸ್ ನನ್ನನ್ನು ಎಳೆದುಕೊಂಡು ಹೊರಟ. ದಂಡೆ ಮುಟ್ಟುವ ತನಕ ಹಿಂದೆ ಹಿಂದೆ ನೋಡುತ್ತಲೇ ಇದ್ದ. ಗೋಡೆಯ ಹತ್ತಿರ ಬಂದಾಗ ನಾನು ಇಟ್ಟ ಕಲ್ಲನ್ನು ತೆಗೆದು ಕೆಳಗೆ ಹಾಕಿದೆ. ಅವನು ಬಗ್ಗಿ ಇನ್ನೊಂದು ಕಲ್ಲು ಆರಿಸಿ ಅದೇ ಜಾಗದಲ್ಲಿ ಇಟ್ಟ.

ಮತ್ತೆ ಮೇಜು

ನೀರು ತಿರುಗುವ ಹೊತ್ತಿಗೆ ಗೋಡೆಯ ಮೇಲಿನ ಕಲ್ಲು ನೋಡಿ ಜೀನ್ ಎಲ್ಲರಿಗೂ ಫೋನ್ ಮಾಡಿದ್ದಳು. ‘ಏನು ಹಾಕ್ಕೊಂಡಾರ?’ ಅಂತ ಅವರು ಕೇಳಿದಾಗ ಫೋನನ್ನು ವಿದ್ಯಾಳ ಕೈಗೆ ಕೊಟ್ಟು ಬ್ಯಾಟರಿ ಹಿಡಿದು ದಂಡೆಗೆ ಓಡಿದಳು. ಜೀವಮಾನವೆಲ್ಲ ಆ ಒಂದು ಪ್ರಶ್ನೆಗೆ ಸಿದ್ಧವಾಗಿದ್ದವಳು. ಬೆಳಿಗ್ಗೆ ನೋಡಿ ಬಾಯಿಪಾಠ ಮಾಡಿದವಳು. ಆದರೆ ಗಾಬರಿಯಲ್ಲಿ ಅವಳ ನಾಲಿಗೆಗೆ ಬಂದ ಇಂಗ್ಲಿಷು ಒಂದೇ, ನಾನೇ ನೆಟ್ಟಗೆ ನಿಲ್ಲಿಸಿ ಕಲಿಸಿದ್ದು. ಕೋಲುಮುಖ, ಗೋಧಿ ಮೈಬಣ್ಣ, ಹಸಿರು ಸೀರೆ. ನನ್ನ ಮುಖ ಗುಂಡಗಿದೆ.

‘ಹೇಳೂದು ಮುಗಿದ ಮ್ಯಾಲೆ ಗೊತ್ತಾತು, ವೈನಿ’ ಅಂದಳು. ‘ತಿದ್ದಬೇಕಂದೆ. ತಿದ್ದಾಕ ಒಂದ ಶಬ್ದ ಬರಲಿಲ್ಲ. ಆ ಗಂಡಸಿನಂಗ ಗ್ವಾಡಿ ನೋಡ್ಕೋತ ನಿಂತಿದ್ನಿ.’

ನಾನು ಅವಳ ತಲೆ ಸವರಿದೆ. ಏಂಗಸ್ ಕಂಡದ್ದನ್ನು ಹೇಳಿದೆ. ಅವಳು ಅಳು ನಿಲ್ಲಿಸಿದಳು. ಆ ಕ್ಷಣ ನಾದಿನಿ ಹೋಗಿ ವರದಿಗಾರ್ತಿ ಬಂದು ಕೂತಳು.

‘ಹಸರ ಅಂತ ಮೊದಲ ಕೇಳಿ ಹೋದಾಂವ. ಕಿವಿಗೆ ಬಿದ್ದಿದ್ದು ಕಣ್ಣಿಗೆ ಕಂಡಿರತೈತಿ. ಅಂವನ್ನ ಸಾಕ್ಷಿ ಅಂತ ಹಿಡದ್ರೂ ಒಬ್ಬನ ಆತು. ಒಬ್ಬ ಸಾಲಂಗಿಲ್ಲ.’

‘ಹಂಗಾರ ಮುಗಸ್ತೀಯೇನು? ನೀರಿಗೆ ಹೋದಳು ಅಂತ?’

ವಿದ್ಯಾ ಹಾಳೆಗಳನ್ನು ಮಡಚಿ ಬದಿಗಿಟ್ಟಳು. ಉಳಿದ ದಿನಗಳಲ್ಲಿ ಒಂದು ಸಾಲೂ ಬರೆಯಲಿಲ್ಲ. ಓದುವ ದಿನ ಆ ಪುಟ ಬಿಟ್ಟು ಬೇರೆ ಯಾವುದೋ ಕತೆಯನ್ನು ಕನ್ನಡದಲ್ಲೇ ಓದಿದಳು. ದ್ವೀಪದವರು ತಿಳಿಯದಿದ್ದರೂ ಮರ್ಯಾದೆಯಿಂದ ಕೂತು ಕೇಳಿದರು.

ನಾವು ಹೊರಡುವ ಬೆಳಿಗ್ಗೆ ಗೋಡೆಯ ಮೇಲೆ ಏಂಗಸ್ ಇಟ್ಟ ಕಲ್ಲು ಇರಲಿಲ್ಲ. ‘ನಾ ತಗದಿಲ್ಲ’ ಅಂದಳು ಜೀನ್. ಏಂಗಸ್ ತಲೆ ಅಲ್ಲಾಡಿಸಿದ. ‘ಗಾಳಿಗೆ ಬಿದ್ದಿರಬೇಕು’ ಅಂದಳು ವಿದ್ಯಾ. ಆವತ್ತು ಗಾಳಿ ಇರಲಿಲ್ಲ. ಚಟ್ನಿಯ ಉಳಿದ ಡಬ್ಬಿಯನ್ನು ಏಂಗಸ್‌ಗೆ ಕೊಟ್ಟು ಕಾರು ಹತ್ತಿದೆವು.

ಹುಬ್ಬಳ್ಳಿ, ಹಗಲು

ನಮ್ಮನೆಯವರು ಕಂಬಿಗೆ ಒರಗಿ ಕಾಯುತ್ತಿದ್ದರು. ಬಿಸಿಲು, ಧೂಳು, ಹಾರನ್ನು, ಎಲ್ಲ ಅದದೇ. ಅವರಿಗೆ ಹೆದರಿಕೆಯಾದೀತು ಅಂತ ಮರಳಿನ ಸಂಗತಿ ಫೋನಿನಲ್ಲಿ ಹೇಳಿರಲಿಲ್ಲ. ವಿದ್ಯಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ಗೋಕುಲ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ನಾನು ಕೇಳಿದೆ.

‘ಒಂದ ಮಾತ ಕೇಳ್ತೇನಿ, ನಗಬ್ಯಾಡ್ರಿ. ನಾ ಹೋಗೂ ದಿನಾ ಯಾವ ಸೀರಿ ಉಟ್ಟಿದ್ನಿ?’

ಅವರು ಗೋಡೆ ನೋಡಲಿಲ್ಲ, ಆಕಾಶ ನೋಡಲಿಲ್ಲ. ತಟ್ಟನೆ ಹೇಳಿದರು.

‘ಹಸರ.’

ನನಗೆ ನಗು ಬಂತು. ಅಷ್ಟೇ ಬೇಸರವೂ ಆಯಿತು. ‘ನೀರಲಹಣ್ಣಿನ ಬಣ್ಣದ್ದು ಉಟ್ಟಿದ್ನಿ. ನೀವ ಇಳಕಲ್ಲಿನಿಂದ ತಂದಿದ್ದು.’

‘ಏ, ಸುಳ್ಳ ಯಾಕ ಹೇಳ್ತಿ. ನಾ ನೋಡಿಲ್ಲೇನು? ಬಾಗಲದಾಗ ತಿರಗಿ ನಿಂತು ಕೈ ಮಾಡಿದಿ. ನಾನೂ ಮಾಡಿದ್ನಿ. ಮಂದಿ ಎಲ್ಲಾ ನಿನ್ನ ಸುತ್ತು ಹಾಕಿ ಒಳಗ ಹೋಗಾಕತ್ತಿದ್ರು. ಒಳಗ ಹೋಗು ಅಂತ ಕೂಗಿದ್ನಿ. ಸೆರಗು ತಲಿ ಮ್ಯಾಲಿತ್ತು, ಹಸರ ಸೀರಿ. ಎಂದೂ ಉಡದಾಕಿ ಇವತ್ತ್ಯಾಕ ಉಟ್ಟಾಳ ಅಂದ್ಕೊಂಡಿದ್ನಿ.’

ಸಿಗ್ನಲ್ಲು ಬಿಟ್ಟಿತು. ಹಿಂದಿನವರು ಹಾರನ್ ಹೊಡೆದರು. ಆಮೇಲೆ ಹಿಂದಿನ ಸೀಟಿನಿಂದ ವಿದ್ಯಾ ಸಣ್ಣ ದನಿಯಲ್ಲಿ ಅಂದಳು.

‘ಕಂಡವ್ರು ಇಬ್ಬರಾದ್ರು, ವೈನಿ.’

‘ಯಾರು ಇಬ್ಬರು?’ ಅಂದರು ನಮ್ಮನೆಯವರು.

ಮನೆ ಬಂತು. ಅವರು ಸಾಮಾನು ಇಳಿಸುತ್ತಿದ್ದರು. ವಿದ್ಯಾ ಕಾರಿನಲ್ಲೇ ಕೂತು ಏನೋ ಬರೆಯತೊಡಗಿದ್ದಳು. ನಾನು ಬೀಗ ತೆಗೆದು, ಬಾಗಿಲು ನೂಕಿ, ಹೊಸ್ತಿಲಿನಿಂದ ಒಂದಿಷ್ಟು ಬದಿಗೆ ಸರಿದು ನಿಂತೆ, ಮನೆಗೆ ಬಂದವರನ್ನು ಮೊದಲು ಒಳಗೆ ಬಿಡುವ ಹಾಗೆ.